ಗೂಡಿನಲ್ಲಿಟ್ಟ ತಟ್ಟೆ

ಹೊಳಲ್ಕೆರೆ
೧೭ ಅಕ್ಟೋಬರ್ ೨೦೨೪, ಗುರುವಾರ

ಪ್ರೀತಿಯ ಕೀರ್ತನಾ,

ಹೇಗಿದ್ದೀಯೇ? ಶ್ರೀರಾಂಪುರದ ನಿನ್ನ ಶಾಲೆ, ನಿನ್ನ ಮಕ್ಕಳ ಗಲಾಟೆ ಎಲ್ಲ ಚೆನ್ನಾಗಿದೆ ತಾನೆ? ನಿನ್ನ ಪತ್ರ ಬಂದಾಗ ಮಗಳು ಹುಮೈರಾಗೆ ನಲವತ್ತು ದಿನ. ಈಗ ಏಳು ತಿಂಗಳು. ಇಷ್ಟು ತಡ ಮಾಡಿದವಳ ಮೇಲೆ ಕೋಪ ಬಂದಿದ್ದರೆ ಅದು ನ್ಯಾಯವೇ, ಬೈದುಬಿಡು.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಈ ಮನೆಯಲ್ಲಿ ಫೋನಿನ ಮಾತು ಅಡುಗೆಮನೆಗೂ ಕೇಳಿಸುತ್ತದೆ, ಅಂಗಳಕ್ಕೂ ಕೇಳಿಸುತ್ತದೆ. ಕಾಗದ ಸದ್ದು ಮಾಡುವುದಿಲ್ಲ. ಮಧ್ಯಾಹ್ನ ಮೂರು ಗಂಟೆ. ಗಂಡಸರು ಅಂಗಡಿಯಲ್ಲಿದ್ದಾರೆ, ಅತ್ತೆ ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದಾರೆ, ಮಗು ತೊಟ್ಟಿಲಲ್ಲಿ ಮಲಗಿದೆ. ನಾನು ಮಾತ್ರ ಇಪ್ಪತ್ತು ದಿನದಿಂದ ಸರಿಯಾಗಿ ಮಲಗಿಲ್ಲ. ಹಲ್ಲು ಬರುತ್ತಿದೆ, ಮಗು ಮಲಗಗೊಡುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ. ಮಗು ಮಲಗುತ್ತದೆ ಕಣೇ. ಅದರ ಎದೆ ಏರಿಳಿಯುವುದನ್ನು ನೋಡುತ್ತ ಕೂರುವವಳು ನಾನು.

ನಾಳೆಯ ಭಯ ಇದು. ನಾಳೆ ಜುಮ್ಮಾ ನಮಾಜಿನ ನಂತರ ಮಸೀದಿಯಲ್ಲಿ ನಮ್ಮ ಮನೆಯ ವಿಷಯಕ್ಕೇ ಸಭೆ ಸೇರುತ್ತದೆ. ಯಾಕೆಂದು ನಿಧಾನವಾಗಿ ಹೇಳುತ್ತೇನೆ.

ನಮ್ಮದು ಪಿಂಜಾರರ ಮನೆ, ಮನೆಮಾತೂ ಕನ್ನಡವೇ, ನಿನಗೆ ಗೊತ್ತಲ್ಲ. ಭಾವ ದಾದಾಪೀರ್ ಮತ್ತು ನಮ್ಮವರು ಜಬೀವುಲ್ಲಾ ಒಂದೇ ಅಂಗಡಿಯಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಾರೆ. ಭಾವನಿಗೆ ದರ್ಗಾ, ಉರುಸು, ಫಾತಿಹಾ ಎಂದರೆ ಪ್ರಾಣ. ಇವರು ಮೂರು ವರ್ಷದ ಹಿಂದೆ ಓದಿ, ಕೇಳಿ, ಅದನ್ನೆಲ್ಲ ಬಿಟ್ಟರು. ಬೇಡುವುದಾದರೆ ಅಲ್ಲಾಹನನ್ನೇ ಬೇಡಬೇಕು, ನಡುವೆ ಯಾರೂ ಬೇಡ ಎನ್ನುತ್ತಾರೆ. ಸಂತರ ಹೆಸರಲ್ಲಿ ಫಾತಿಹಾ ಓದಿದ ಊಟ ಮುಟ್ಟುವುದಿಲ್ಲ. ನಮ್ಮ ಬೀದಿಯಲ್ಲೂ ಹೀಗೇ ಎರಡು ಮನಸ್ಸು. ಮದುವೆಯಾಗಿ ಬಂದ ಹೊಸದರಲ್ಲಿ, ಈ ಮನೆ ಒಂದು ವರ್ಷವೂ ಒಟ್ಟಿಗೆ ಇರುವುದಿಲ್ಲ ಅಂದುಕೊಂಡಿದ್ದೆ.

ಉಳಿಸಿದ್ದು ಅತ್ತೆ. ಪ್ರತಿ ವರ್ಷ ಗ್ಯಾರವಿ, ಅಂದರೆ ಪೀರರ ಹೆಸರಿನ ಹನ್ನೊಂದನೆಯ ದಿನದ ಫಾತಿಹಾಕ್ಕೆ ಅವರು ದೊಡ್ಡ ಪಾತ್ರೆಯಲ್ಲಿ ಬೆಲ್ಲದನ್ನ ಮಾಡುತ್ತಾರೆ. ಓದುವುದಕ್ಕೆ ಮುಂಚೆಯೇ ಒಂದು ತಟ್ಟೆ ತುಂಬಿ, ಮುಚ್ಚಿ, ಅಡುಗೆಮನೆಯ ಗೂಡಿನಲ್ಲಿಡುತ್ತಾರೆ. "ಇದು ಚಿಕ್ಕೋನ್ದು. ಓದೋಕೆ ಮುಂಚೇನೇ ತೆಗ್ದೀನಿ. ಪಾತ್ರೆ ಮಾತ್ರ ಒಂದೇ ಐತೆ," ಅನ್ನುತ್ತಾರೆ.

ಭಾವ ಪ್ರತಿ ಸಲವೂ ರೇಗಿಸುತ್ತಿದ್ದರು. "ನಾವು ಓದಿ ಮುಗಿಸೋಗಂಟ ಕಾಯ್ಬೇಕು, ಸಾಹೇಬ್ರಿಗೆ ಮಾತ್ರ ಬಿಸಿಬಿಸಿ."

"ಪುಣ್ಯ ನೀನು ತಗೋ, ಬಿಸಿ ನಂಗೆ ಬಿಡಣ್ಣ," ಎಂದು ಇವರು ತಿನ್ನಲು ಕೂರುತ್ತಿದ್ದರು.

ಮಸೀದಿಯಲ್ಲೂ ಅಷ್ಟೇ. ಇವರು ಆಮೀನ್ ಜೋರಾಗಿ ಹೇಳುತ್ತಾರೆ, ಭಾವ ಮನಸ್ಸಿನಲ್ಲೇ. ಆದರೆ ಹೆಗಲಿಗೆ ಹೆಗಲು ತಾಗಿಸಿ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು.

ಕಳೆದ ತಿಂಗಳು ಹುಮೈರಾಗೆ ಜ್ವರ ಬಂತು. ಡಾಕ್ಟರು ಔಷಧಿ ಕೊಟ್ಟರು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಭಾವನಿಗೆ ಹೆಂಡತಿ ತೀರಿಕೊಂಡು ನಾಲ್ಕು ವರ್ಷ, ಮಕ್ಕಳಿಲ್ಲ. ಈ ಮಗುವೆಂದರೆ ಜೀವ. ಬಸ್ಸು ಇಳಿದು ಬಿಸಿಲಲ್ಲಿ ಎರಡು ಮೈಲಿ ನಡೆದು ದರ್ಗಾದಿಂದ ತಾಯಿತ ಬರೆಸಿಕೊಂಡು ಬಂದು, ಕಪ್ಪು ದಾರದಲ್ಲಿ ಮಗುವಿನ ಕೊರಳಿಗೆ ಕಟ್ಟಿದರು. ಇವರು ಸಂಜೆ ಬಂದು ನೋಡಿದರು. ಮುಖ ಬಿಗಿಯಿತು. ಆದರೆ ಇವರು ಹೇಳಿದ್ದು ಇಷ್ಟೇ: "ನಂಗೆ ಇದು ಸರಿ ಕಾಣಲ್ಲ. ಆದ್ರೆ ಅಣ್ಣ ಕಟ್ಟಿದ್ದು, ಅಣ್ಣನೇ ಬಿಚ್ಚಲಿ. ನಾನು ಕೈ ಹಚ್ಚಲ್ಲ."

ಮೂರನೆಯ ದಿನ ಬೆಳಿಗ್ಗೆ ಆ ತಾಯಿತ ಭಾವನಿಗೇ ಸಿಕ್ಕಿತು, ಬಚ್ಚಲ ಮೋರಿಯಲ್ಲಿ. ದಾರ ಹರಿದಿರಲಿಲ್ಲ, ಯಾರೋ ಕತ್ತರಿಸಿದ್ದರು. ಒಳಗೆ ಬರೆದಿರುವುದು ಕುರಾನಿನ ಮಾತು ಕೀರ್ತನಾ. ಅದು ಕೊಳಕು ನೀರಿನಲ್ಲಿ ಬೀಳುವುದೆಂದರೆ ಏನೆಂದು ನಿನಗೆ ಹೇಗೆ ತಿಳಿಸಲಿ. ಇವರೇ ಅದನ್ನು ಎತ್ತಿ, ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಎತ್ತರದ ಗೂಡಿನಲ್ಲಿಟ್ಟರು. ಆಗ ಭಾವ ಅಂದರು, "ಎಸೆದ ಕೈಯೇ ತೊಳೀತೈತೆ."

ಇವರು, "ನಾನು ಮುಟ್ಟಿಲ್ಲಣ್ಣ," ಅಂದರು.

"ಮತ್ಯಾರು?"

ಇವರು ಸುಮ್ಮನಾದರು. ಆ ಸುಮ್ಮನಿದ್ದದ್ದೇ ಎಲ್ಲಕ್ಕೂ ಮುಳುವಾಯಿತು.

ಅಂದಿನಿಂದ ಅಂಗಡಿಯಲ್ಲಿ ಒಂದೇ ಹಾಸಿಗೆಯನ್ನು ಆ ತುದಿಯಿಂದ ಒಬ್ಬರು, ಈ ತುದಿಯಿಂದ ಒಬ್ಬರು ಹೊಲಿಯುತ್ತಾರಂತೆ, ಮಾತಿಲ್ಲ. ಮಾತೆಲ್ಲ ಹೊರಗೆ ಬೆಳೆಯಿತು. ಕುರಾನನ್ನು ಮೋರಿಗೆ ಹಾಕಿದವನ ಜೊತೆ ನಮಾಜಿಗೆ ನಿಲ್ಲುವುದಿಲ್ಲ ಎಂದು ಒಂದು ಕಡೆಯವರು. ಸಾಕ್ಷಿಯಿಲ್ಲದೆ ಮುಸಲ್ಮಾನನ ಮೇಲೆ ಅಪವಾದ ಹೊರಿಸುವವರ ಸಹವಾಸ ಬೇಡ, ಬೇರೆ ಶೆಡ್ಡು ಹಿಡಿದು ಅಲ್ಲೇ ನಮಾಜು ಮಾಡೋಣ ಎಂದು ಇನ್ನೊಂದು ಕಡೆಯವರು. ಮಸೀದಿ ನೋಡಿಕೊಳ್ಳುವ ಮುತವಲ್ಲಿ ಹಿರಿಯರು. ಅವರು ಮನೆಗೇ ಬಂದು, ನೀವಿಬ್ಬರು ಒಂದು ಸಾಲಿನಲ್ಲಿ ನಿಂತರೆ ಬೀದಿಯೇ ನಿಲ್ಲುತ್ತದೆ, ಇಲ್ಲದಿದ್ದರೆ ನನ್ನ ಕೈಲಿ ತಡೆಯಲು ಆಗುವುದಿಲ್ಲ ಎಂದು ಕಣ್ಣು ಒರೆಸಿಕೊಂಡು ಹೋದರು.

ಮೊನ್ನೆ ಗ್ಯಾರವಿ. ಅತ್ತೆ ಎಂದಿನಂತೆ ಮುಂಚೆಯೇ ತಟ್ಟೆ ತೆಗೆದಿಟ್ಟರು. ಭಾವ ರೇಗಿಸಲಿಲ್ಲ, ಆ ಕಡೆ ತಿರುಗಿಯೂ ನೋಡಲಿಲ್ಲ. ಇವರು ಊಟದ ಹೊತ್ತಿಗೆ ಮನೆಗೆ ಬರಲಿಲ್ಲ. ನಿನ್ನೆ ಬೆಳಿಗ್ಗೆ ಮುಚ್ಚಳ ತೆಗೆದರೆ ತಟ್ಟೆ ತುಂಬ ಇರುವೆ. ಅತ್ತೆ ಒಂದೊಂದೇ ಇರುವೆ ಊದುತ್ತ ಕುಳಿತಿದ್ದರು, ತಿನ್ನಲು ಬರುವವರು ಇನ್ನೂ ಇದ್ದಾರೇನೋ ಅನ್ನುವ ಹಾಗೆ.

ನೋಡು, ನನ್ನದೇ ಹೇಳಿದೆ. ನಿನ್ನ ತಾಯಿಯ ಮಂಡಿನೋವು ಹೇಗಿದೆ? ಹೊಸದುರ್ಗದ ಕಾಲೇಜಿನಲ್ಲಿ ಅವರು ಕಟ್ಟಿಕೊಡುತ್ತಿದ್ದ ರೊಟ್ಟಿ ನಾವಿಬ್ಬರೂ ಹಂಚಿಕೊಂಡು ತಿಂದದ್ದು ನೆನಪಾಗುತ್ತದೆ. ಅವರಿಗೆ ನನ್ನ ಸಲಾಮು ಹೇಳು. ಅಲ್ಲಾಹ ನಿನ್ನನ್ನೂ ನಿನ್ನ ಮಕ್ಕಳನ್ನೂ ತಣ್ಣಗಿಡಲಿ, ನಿನ್ನ ಮನೆಯಲ್ಲಿ ಎಲ್ಲರೂ ಒಂದೇ ಪಾತ್ರೆಯ ಅನ್ನ ಉಣ್ಣುವಂತಾಗಲಿ.

ನಿನ್ನ
ಮುಬೀನಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ದಾರ ಕತ್ತರಿಸಿದ್ದು ನಾನು, ಅಂದು ಬೆಳಗಿನ ಜಾವ. ಮಗು ಅದನ್ನು ಬಾಯಿಗೆ ತುರುಕಿಕೊಂಡು ಕೆಮ್ಮಿ ಮುಖ ಕೆಂಪಾಗಿತ್ತು. ಹಾಸಿಗೆ ದಾರದ ಕತ್ತರಿ ಕೈಗೆ ಸಿಕ್ಕಿತು, ಕತ್ತರಿಸಿದೆ. ಆಮೇಲೆ ಕೊಡೋಣವೆಂದು ತಾಯಿತವನ್ನು ಬಚ್ಚಲ ಕಟ್ಟೆಯ ಮೇಲಿಟ್ಟು ಮಗುವಿನ ಬಾಯಿ ತೊಳೆದೆ, ಮರೆತೆ. ಯಾವಾಗ ಜಾರಿತೋ ಗೊತ್ತಿಲ್ಲ. ಮೊದಲ ಗಳಿಗೆಯಲ್ಲಿ ಹೇಳಲಿಲ್ಲ. ಎರಡನೆಯ ಗಳಿಗೆಯಲ್ಲಿ ಹೆದರಿಕೆಯಾಯಿತು. ಅಂದು ಸಂಜೆಯೇ ಮಗುವಿಗೆ ಮತ್ತೆ ಜ್ವರ ಏರಿತ್ತು, ಕತ್ತರಿಸಿದ್ದಕ್ಕೇ ಬಂತೇನೋ ಎಂದು ರಾತ್ರಿಯಿಡೀ ತೊಟ್ಟಿಲ ಪಕ್ಕ ಕೂತಿದ್ದೆ. ಬಿ.ಎ. ಓದಿದ ನನಗೆ ನಾನು ಯಾರ ಕಡೆಯವಳು ಎಂಬುದೇ ತಿಳಿಯದು.

ಇವರಿಗೆ ಗೊತ್ತು ಕೀರ್ತನಾ. ಅಂದು ತಾಯಿತ ಸಿಗುವ ಮೊದಲೇ, ತೊಟ್ಟಿಲ ಹಾಸಿಗೆಯಡಿ ನಾನು ಬಿಟ್ಟಿದ್ದ ಕತ್ತರಿಯನ್ನು ಇವರೇ ತೆಗೆದು ಮೊಳೆಗೆ ನೇತುಹಾಕಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. "ಮತ್ಯಾರು?" ಎಂದಾಗ ಸುಮ್ಮನಾದದ್ದು ನನ್ನನ್ನು ಉಳಿಸಲು.

ಅಂಚೆಯ ಗೋವಿಂದಯ್ಯನವರು ನಾಲ್ಕಕ್ಕೆ ಈ ಬೀದಿಗೆ ಬರುತ್ತಾರೆ. ಇದನ್ನು ಅವರ ಕೈಗಿಡುತ್ತೇನೆ. ಆಮೇಲೆ ಇದು ಗೊತ್ತಿರುವವರು ಇನ್ನೊಬ್ಬರು ಇರುತ್ತಾರೆ, ನನಗೆ ಹಿಂದೆ ಸರಿಯಲು ಆಗುವುದಿಲ್ಲ. ಹಿತ್ತಲಿಗೆ ಹೋಗಿ ಮೊದಲು ಅತ್ತೆಗೆ ಹೇಳುತ್ತೇನೆ, ಸಂಜೆ ಭಾವ ಬಂದ ಮೇಲೆ ಅವರ ಮುಂದೆ. ಬೀದಿಯ ತುದಿಯಲ್ಲಿ ಸೈಕಲ್ ಬೆಲ್ಲು ಕೇಳುತ್ತಿದೆ.