ಹಿಂದೆ ನಿಂತವನು

ಕ್ರೆಮೋನಾ,
ನವೆಂಬರ್ ೬, ೨೦೨೩

ಪ್ರೀತಿಯ ಓರೆಸ್ತೆ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಬೆಲ್ಜಿಯಂ ಚಳಿಯಲ್ಲಿ ಟೋಪಿಯಿಲ್ಲದೆ ತಿರುಗಬೇಡ. ಹೇಳಿದರೆ ಕೇಳುವ ಪ್ರಾಣಿಯಲ್ಲ ನೀನು, ಆದರೂ ಹೇಳುತ್ತೇನೆ. ಇಲ್ಲಿ ಮಂಜು ಶುರುವಾಗಿದೆ, ನನ್ನ ಸೊಂಟ ಒಂದು ದಿನ ಮಾತು ಕೇಳಿದರೆ ಮರುದಿನ ಮುಷ್ಕರ ಹೂಡುತ್ತದೆ.

ನಿನ್ನೆ ನಮ್ಮ ಹಳೇ ಕ್ಲಬ್ಬಿನ ಫುಟ್‌ಬಾಲ್ ಪಂದ್ಯಕ್ಕೆ ಹೋಗಿದ್ದೆ. ಈಗಿನ ಆಟ ನೋಡಿದರೆ ನೀನು ನಗುತ್ತೀಯ, ಗೋಲ್‌ಕೀಪರ್ ಅರ್ಧ ಮೈದಾನದವರೆಗೆ ಬಂದು ಚೆಂಡು ಹಂಚುತ್ತಾನೆ! ನಮ್ಮ ಕಾಲದಲ್ಲಿ ನಾವು ಒಬ್ಬೊಬ್ಬ ಎದುರಾಳಿಗೆ ಜಿಗಣೆಯಂತೆ ಅಂಟಿಕೊಳ್ಳುತ್ತಿದ್ದೆವು. ತಪ್ಪಿಸಿಕೊಂಡು ಬಂದ ಚೆಂಡನ್ನೆಲ್ಲ ಗುಡಿಸಲು ಎಲ್ಲರ ಹಿಂದೆ ನೀನಿದ್ದೆ. "ನುಗ್ಗೋ ನೇವಿಯೊ, ಹಿಂದೆ ನಾನಿದೀನಲ್ಲ" ಎನ್ನುತ್ತಿದ್ದೆ. ಆ ಒಂದು ಮಾತಿನ ಧೈರ್ಯದ ಮೇಲೆ ನಾನು ಹನ್ನೊಂದು ವರ್ಷ ಆಡಿದೆ. ಎಂಬತ್ತೆಂಟರಲ್ಲಿ ಹೊಸ ಕೋಚ್ ಬಂದ. ರಕ್ಷಣೆಯ ನಾಲ್ವರು ಒಂದೇ ಸಾಲಲ್ಲಿ ನಿಲ್ಲಬೇಕು, ಒಟ್ಟಿಗೆ ಮುಂದೆ ಸರಿಯಬೇಕು, ಹಿಂದೆ ಯಾರೂ ಬೇಡ ಎಂದ. ನಮ್ಮನ್ನು ಹಗ್ಗದಲ್ಲಿ ಕಟ್ಟಿ ಓಡಿಸಿದಾಗ ನೀನು "ನಾವೇನು ಎತ್ತುಗಳಾ?" ಎಂದು ಕೇಳಿದ್ದು ನೆನಪಿದೆಯಾ? ಆ ಬೇಸಿಗೆಯಲ್ಲೇ ನಿನ್ನನ್ನು ತಂಡದಿಂದ ಕೈಬಿಟ್ಟರು. "ಆಟ ಬದಲಾಯ್ತು ಕಣೋ, ಯಾರನ್ನ ಬೈಯೋದು" ಎಂದು ನೀನು ಬೆಲ್ಜಿಯಂನಲ್ಲಿದ್ದ ಮಾವನ ಬೇಕರಿಯಲ್ಲಿ ದುಡಿಯಲು ರೈಲು ಹತ್ತಿದೆ.

ನಿನ್ನೆ ನಮ್ಮ ತಂಡದ ರಕ್ಷಣೆಯಲ್ಲಿ ಮೂವರಿದ್ದರು. ನಡುವಿನವನು ಎರಡು ಹೆಜ್ಜೆ ಹಿಂದೆ ನಿಂತು, ಚೆಂಡು ಕಸಿದು, ತಲೆಯೆತ್ತಿಕೊಂಡು ತಾನೇ ಮುಂದಕ್ಕೆ ಹೊರಟ. ಪಕ್ಕದಲ್ಲಿದ್ದ ಮುದುಕ, "ಲೇ, ಇದು ಓರೆಸ್ತೆ ಆಟ ಅಲ್ವೇನೋ! ಹೊಸದಂತೆ, ಹೊಸದು!" ಎಂದು ಕೂಗಿದ. ನನಗೆ ಅಳು ತಡೆಯಲಾಗಲಿಲ್ಲ. ಮೂವತ್ತೈದು ವರ್ಷಕ್ಕೆ ನಿನ್ನ ಆಟ ತಿರುಗಿ ಬಂದಿದೆ, ನಿನ್ನ ಕಾಲಿನ ಆಗಿನ ಕಸುವು ತಿರುಗಿ ಬರುವುದಿಲ್ಲ.

ಡಿಸೆಂಬರ್ ಮೂರಕ್ಕೆ ಕ್ಲಬ್ಬಿನವರು ನಿನಗೊಂದು ಸನ್ಮಾನ ಇಟ್ಟುಕೊಂಡಿದ್ದಾರೆ, ಹೂವು ಕೊಡುವುದು ನಾನಂತೆ. ಅತ್ತಿಗೆಯನ್ನು ಕೇಳಿದೆನೆಂದು ಹೇಳು. ದೇವರು ನಿನ್ನ ಎದೆ ಬೆಚ್ಚಗಿಡಲಿ.

ನಿನ್ನ ತಮ್ಮ,
ನೇವಿಯೊ

ತಾ.ಕ.: ಒಂದು ಬರೆಯಲು ಮರೆತೆ. ಇಲ್ಲ, ಮರೆತಿರಲಿಲ್ಲ. ಆ ಬೇಸಿಗೆ, ನಾಲ್ವರ ಸಾಲಿನಲ್ಲಿ ನಮ್ಮಿಬ್ಬರಿಗೆ ಉಳಿದಿದ್ದು ಒಂದೇ ಜಾಗ. ಕೋಚ್ ನನ್ನೊಬ್ಬನನ್ನೇ ಕರೆದು, "ನಿಮ್ಮಣ್ಣ ಇದನ್ನ ಕಲೀತಾನಾ?" ಎಂದು ಕೇಳಿದ. "ಅವನ ಮಂಡಿ ಹೋಗಿದೆ, ಯಾರಿಗೂ ಹೇಳಿಲ್ಲ" ಎಂದೆ. ನಿನ್ನ ಮಂಡಿ ಕಲ್ಲಿನಂತೆ ಗಟ್ಟಿಯಾಗಿತ್ತು. ಬರುವ ಮೊದಲು ನಿನಗೆ ಗೊತ್ತಿರಲಿ. ನಿನ್ನನ್ನು ಹೊರಗೆ ಹಾಕಿದ್ದು ಆಟವಲ್ಲ ಅಣ್ಣಾ, ನಾನು.