ಮೂರನೇ ಟೇಬಲ್ಲಿನ ಎಡಗೈ

ಜುಲೈ 8, 2025, ಮಂಗಳವಾರ

‘ಕೊಟ್ಟು ಹೋದವರು ತಿರುಗಿ ನೋಡುವುದಿಲ್ಲ...’ ಮುಂದಿನ ಅರ್ಧ ನೆನಪಿಲ್ಲ. ಯಾರ ಸಾಲು ಎಂದೂ ನೆನಪಿಲ್ಲ. ಎಂ.ಡಿ. ಮಾಡುವಾಗ ಹಾಸ್ಟೆಲಿನ ಗೋಡೆಗೆ ಯಾರೋ ಅಂಟಿಸಿದ್ದರು. ಆಗ ಬಹಳ ಹಿಡಿಸಿತ್ತು. ಈಗ ಅನುಮಾನ. ನೋಡುವುದಿಲ್ಲ ಅಂತ ಹೇಳಿದವರು ಯಾರು? ಕೊಟ್ಟವರನ್ನು ಕೇಳಿದ್ದಾರೆಯೇ? ದೇಹ ಕೊಟ್ಟವರ ನಡುವೆಯೇ ನಿಂತು ಇಷ್ಟು ವರ್ಷ ಅನಾಟಮಿ ಕಲಿಸಿದೆ. ನಾನೂ ಕೇಳಿಲ್ಲ.

ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಕಿತ್ತೂರಿನ ತನಕ ಇದೇ ತಲೆಯಲ್ಲಿ. ಸೀಟು ಸಿಗಲಿಲ್ಲ. ಬೈಲಹೊಂಗಲ ಸ್ಟ್ಯಾಂಡಿನಲ್ಲೇ ತುಂಬಿತ್ತು.

ಇಡೀ ದಿನ ಮೊದಲ ವರ್ಷದವರ ಹಾಜರಿ ಕೂಡಿಸಿದ್ದು. ಪ್ರಾಕ್ಟಿಕಲ್ಸಿಗೆ ನೂರಕ್ಕೆ ಎಂಬತ್ತು ಬೇಕು. ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ. ನಾಲ್ಕೈದು ಮಂದಿಗೆ ಕಡಿಮೆ ಬಿದ್ದಿದೆ. ಎಲ್ಲರಿಗಿಂತ ಕಡಿಮೆ ಮಧುಗೆ — ಸವದತ್ತಿ ಕಡೆಯ ಹೂಲಿಯ ಹುಡುಗಿ. ಈಗಾಗಲೇ ಮೂರು ಸಲ ನಪಾಸು. ಮೊದಲ ವರ್ಷ ದಾಟಲು ನಾಲ್ಕೇ ಅವಕಾಶ. ಇದು ಕೊನೆಯದು. ಇದೂ ಹೋದರೆ ಕಾಲೇಜಿನಿಂದ ಹೆಸರು ತೆಗೆಯುತ್ತಾರೆ. ಡಾಕ್ಟರಾಗುವ ಮಾತು ಅಲ್ಲಿಗೆ ಮುಗಿಯಿತು.

ವಿಚಿತ್ರವೆಂದರೆ ಲೆಕ್ಚರ್ ಒಂದೂ ತಪ್ಪಿಸಿಲ್ಲ. ಏಪ್ರಿಲ್ ತನಕ ಡಿಸೆಕ್ಷನ್ ಹಾಲಿಗೂ ಬರುತ್ತಿದ್ದಳು. ಮೇ ತಿಂಗಳಿಂದ ಆ ಕಡೆ ಸುಳಿದಿಲ್ಲ.

ಜುಲೈ 9

ಮಧುನ್ನ ಕರೆಸಿದೆ. ಬಂದು ನಿಂತಳು. ಕೂತ್ಕೊ ಅಂದರೂ ಕೂರಲಿಲ್ಲ.

“ಯಾಕ ಬರವಲ್ಲಿ ಹಾಲಿಗೆ?”

“ಬರತೇನ್ರಿ ಮೇಡಂ.”

“ಮೇ ತಿಂಗಳಿಂದ ಇದನ್ನ ಹೇಳಾಕತ್ತಿ. ವಾಸನಿ ತ್ರಾಸ ಆಗ್ತದೇನು?”

“ಇಲ್ರಿ.”

“ಹೆದರಿಕಿ?”

“ಏನಿಲ್ರಿ ಮೇಡಂ... ಬರತೇನ್ರಿ.”

ಮೂರು ಸಲ ಬಿದ್ದವಳಿಗೆ ಇಷ್ಟು ಉದಾಸೀನವೇ ಅಂತ ಸಿಟ್ಟು ಬಂತು. ಹೊರಗೆ ಹೋಗುವಾಗ ಬಾಗಿಲನ್ನು ಎಷ್ಟು ಮೆಲ್ಲಗೆ ಎಳೆದುಕೊಂಡಳು ಅಂದರೆ — ಉದಾಸೀನದವರು ಹಾಗೆ ಎಳೆಯುವುದಿಲ್ಲ.

ಜುಲೈ 18, ಶುಕ್ರವಾರ

ಕಮಿಟಿ. ಫಿಸಿಯಾಲಜಿಯ ಗುರುನಾಥ ಸರ್ ಅಧ್ಯಕ್ಷರು. ಯಾರನ್ನು ಮುಂದೆ ಕಳಿಸಬೇಕು, ಯಾರನ್ನು ನಿಲ್ಲಿಸಬೇಕು, ಯಾರ ಹೆಸರು ತೆಗೆಯಬೇಕು — ಎಲ್ಲ ಅವರ ಕೊಠಡಿಯ ಉದ್ದನೆಯ ಮೇಜಿನ ಮೇಲೆ, ಚಹಾ ಕಪ್ಪುಗಳ ನಡುವೆ.

ಹಾಜರಿ ಕಡಿಮೆ ಇದ್ದವರಿಗೆ ಆಗಸ್ಟ್ ಮುಗಿಯುವ ತನಕ ಭಾನುವಾರ ಮತ್ತು ಸಂಜೆ ಹಾಲ್ ತೆರೆದಿಡುವುದು, ಬಂದು ಗಂಟೆ ತುಂಬಿಸಿದವರು ಪರೀಕ್ಷೆಗೆ, ತುಂಬಿಸದವರು ಹೊರಗೆ ಎಂದಾಯಿತು.

“ಬಾಗಲಾ ತಗದು ಇಟ್ಟೀವಿ. ಒಳಗ ಬರೂದು ಅವರ ಕೆಲಸ,” ಅಂದರು ಗುರುನಾಥ ಸರ್. ಒಪ್ಪಿದೆ. ನ್ಯಾಯವಾಗಿಯೇ ಇದೆ. ಆದರೂ ಬಸ್ಸಿನಲ್ಲಿ ಪುಸ್ತಕ ತೆರೆದು ಒಂದೇ ಪುಟ ನೋಡುತ್ತ ಊರು ಮುಟ್ಟಿದೆ.

ಜುಲೈ 20, ಭಾನುವಾರ

ಹಾಜರಿ ಕಡಿಮೆ ಇದ್ದ ಉಳಿದವರೆಲ್ಲ ಬಂದಿದ್ದರು. ಅವರಲ್ಲಿ ಪೂನಮ್ ಅಂತೂ ಗಡಿಯಾರಕ್ಕಿಂತ ಮುಂಚೆ. ಮಧುನೂ ಬಂದಳು. ಏಪ್ರನ್ ಹಾಕಿದ್ದಳು, ಕೂದಲು ಗಟ್ಟಿ ಕಟ್ಟಿದ್ದಳು. ಹೊಸ್ತಿಲ ತನಕ ಬಂದು ನಿಂತಳು. ಒಂದು ಕಾಲು ಒಳಗೆ. ಕಣ್ಣು ಮೂರನೇ ಟೇಬಲ್ಲಿನ ಮೇಲೆ. “ಬಾ” ಅಂದೆ. ಕಾಲು ಹಿಂದಕ್ಕೆ ತೆಗೆದಳು. ಹೋದಳು.

ಹಾಜರಿ ಪುಸ್ತಕ ನನ್ನ ಮುಂದೆ. ಪೆನ್ನು ಕೈಯಲ್ಲಿ. ಬಂದಿದ್ದಳಲ್ಲ, ಒಂದು ಕಾಲಾದರೂ... ಒಂದು ‘ಪಿ’ ಬರೆಯಲು ಎಷ್ಟು ಹೊತ್ತು?

ಬರೆಯಲಿಲ್ಲ. ಬರೆಯದೆ ಬಂದದ್ದಕ್ಕೆ ಸಮಾಧಾನವೂ ಇಲ್ಲ.

ಜುಲೈ 31, ಗುರುವಾರ

ಪಂಚಮಿಗೆ ತವರಿಗೆ ಹೋಗಿದ್ದ ಪಕ್ಕದ ಮನೆಯ ಸಾವಂತ್ರೆವ್ವ ತಿರುಗಿ ಬಂದರು. ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ.

“ಹೂಲಿ ಉಂಡಿ ರೀ ಬಾಯಾರ. ಹಲ್ಲ ಮುರದ್ರ ನನ್ನ ಬೈಬ್ಯಾಡ್ರಿ, ನಮ್ಮ ತಮ್ಮನ ಹೇಣ್ತಿನ್ನ ಬೈರಿ. ಆಕೀನ ಕಟ್ಟಿದ್ದು.”

ಅವರ ತವರು ಹೂಲಿ ಅನ್ನುವುದು ಎಷ್ಟೋ ಸಲ ಕೇಳಿದ ಮಾತು. ಇವತ್ತೇ ಹೊಳೆದದ್ದು. ಮಧು ಗೊತ್ತೇನು ಅಂತ ಕೇಳಿದೆ.

“ಗೊತ್ತಿಲ್ದ ಏನ್ರಿ! ಆ ಹುಡುಗಿ ಸಲುವಾಗಿನ ಅಲ್ಲೇನ್ರಿ ನಮ್ಮ ಶೆಟ್ಟೆವ್ವ ನಿಮ್ಮ ಕಾಲೇಜಿಗೆ ಬಂದದ್ದು?”

“ಯಾವ ಶೆಟ್ಟೆವ್ವ?”

“ಅಯ್ಯ, ನಿಮ್ಮಲ್ಲೆನ ಅದಾಳ, ನಿಮಗ ಗುರ್ತಿಲ್ಲ?”

ಆಮೇಲೆ ಹೇಳಿದರು. ಶೆಟ್ಟೆವ್ವ ಮಧು ಮನೆಯ ಪಕ್ಕದಾಕೆ. ಮಕ್ಕಳಿಲ್ಲ. ಮಧುನ್ನ ಎತ್ತಿ ಆಡಿಸಿದಾಕೆ. ಹುಡುಗಿಗೆ ಮೆಡಿಕಲ್ ಸೀಟು ಸಿಕ್ಕ ಮೇಲೆ ತನ್ನ ದೇಹ ಆ ಕಾಲೇಜಿಗೇ ಅಂತ ಬರೆದುಕೊಟ್ಟಳಂತೆ. ಹೋದ ದೀಪಾವಳಿಗೆ ಮುಂಚೆ ತೀರಿಕೊಂಡಳು. ಊರವರು ಮೈ ತೊಳೆದು, ವಿಭೂತಿ ಹಚ್ಚಿ, ಭಜನೆ ಮಾಡುತ್ತ ಆಂಬುಲೆನ್ಸಿನ ತನಕ ಬಂದರು.

“ಮಣ್ಣ ಕೊಡಾಕ ಹೋದವರು ಕೈ ಬೀಸಿ ಬಂದಿವ್ರಿ, ಬಸ್ಸ ಹತ್ತಿಸಿದಂಗ. ನಮ್ಮ ಹುಡುಗಿಗೆ ಕಲಸಾಕ ಹೊಂಟಾಳ ಅಂತ ಒಬ್ರೂ ಅಳಲಿಲ್ಲ.”

ಕೈಯಲ್ಲಿದ್ದ ಉಂಡಿಯನ್ನು ತಿರುಗಿ ಡಬ್ಬಿಗೆ ಇಟ್ಟೆ.

“ಆಕಿದು ಎಡಗೈ ಕಿರುಬೆರಳ ಸೊಟ್ಟ ಇತ್ತಲ್ರೀ,” ಅಂದರು ಹೋಗುವಾಗ. “ನೋಡಿರ್ತೀರಿ.”

ನೋಡಿದ್ದೇನೆ. ಮೂರನೇ ಟೇಬಲ್. ಏಪ್ರಿಲ್ ಕೊನೆಗೆ ಆ ದೇಹವನ್ನು ಟ್ಯಾಂಕಿನಿಂದ ಹೊಸದಾಗಿ ತೆಗೆದ ದಿನ ನಾನೇ ಆ ಎಡಗೈ ಎತ್ತಿ ಹಿಡಿದು ಕ್ಲಾಸಿಗೆ ತೋರಿಸಿದೆ — ಹಳೆಯ ಫ್ರ್ಯಾಕ್ಚರ್, ನೆಟ್ಟಗೆ ಕೂಡಿಲ್ಲ, ನೋಡ್ರಿ. ಎಲ್ಲರೂ ಬಗ್ಗಿ ನೋಡಿದರು. ಮಧುನೂ ಇದ್ದಳು.

ಅಲ್ಲಿ ಯಾರಿಗೂ ಹೆಸರಿಲ್ಲ. ಕಾಲಿಗೆ ಒಂದು ನಂಬರು. ಹೆಸರು ಮುಚ್ಚಿಡುವುದೇ ಕೊಟ್ಟವರಿಗೆ ನಾವು ತೋರುವ ಮರ್ಯಾದೆ. ಹೂಲಿಯವರು ಊರೆಲ್ಲ ಸೇರಿ, ಹೆಸರು ಹಿಡಿದು, ಯಾರಿಗೆ ಅಂತಲೂ ಹೇಳಿ ಕಳಿಸಿದ್ದಾರೆ.

ಆಗಸ್ಟ್ 1

ಕ್ಯಾಂಟೀನಿನ ಹಿಂದಿನ ಬೇವಿನ ಗಿಡದ ಕೆಳಗೆ ಮಧುನ್ನ ಕೂಡಿಸಿಕೊಂಡೆ. ಶೆಟ್ಟೆವ್ವ ಅಂತ ಹೆಸರು ಹೇಳಿದ್ದೇ ತಡ, ತಲೆ ತಗ್ಗಿಸಿದಳು.

“ಆಯಿ ಅಂತಿದ್ನಿರಿ ಆಕಿಗೆ. ದಿನಾ ಸಾಲಿಗೆ ಹೋಗೂ ಮುಂದ ಆಕೀನ ಹೆರಳ ಹಾಕತಿದ್ಲು. ಮಲಗೂ ಹೊರಸ ಎತ್ತಿಡಾಕ ಹೋಗಿ ಬೆರಳ ಮುರಕೊಂಡ್ಲು. ದವಾಖಾನಿಗೆ ನಡಿ ಅಂದ್ರ, ಕಿರುಬೆರಳ ಏನ ಕೆಲಸ ಮಾಡತೈತಿ, ಬಿಡು ಅಂದ್ಲು.”

“ನಿನ್ನ ಸಲುವಾಗಿ ಕೊಟ್ಟಾಳಂತ?”

“ಫಸ್ಟ್ ಟೈಮ್ ನಪಾಸ ಆದಾಗ ಊರಿಗೆ ಹೋಗಿದ್ನಿರಿ. ‘ಹಂಗೂ ಬರಲಿಲ್ಲಂದ್ರ ನಾನ ಬರತೇನಿ, ನನ್ನ ನೋಡಿ ಕಲಿ’ ಅಂದ್ಲು. ಚಾಷ್ಟಿ ಅನಕೊಂಡಿದ್ದೆ ಮೇಡಂ. ಸಾಯೂ ಮುಂದ, ಪಾಸ ಆದ್ಯಾ ಅಂತ ಕೇಳಿದ್ಲು. ಹೂಂ ಅಂದ್ನಿ.”

ಗಿಡದ ಮೇಲೆ ಅಳಿಲು. ಇಬ್ಬರೂ ಅದನ್ನೇ ನೋಡುತ್ತ ಕೂತೆವು.

ಇದನ್ನ ಕಮಿಟಿಗೆ ಬರೆದುಕೊಡೋಣ ಅಂದೆ. ಎದ್ದು ನಿಂತಳು.

“ಬ್ಯಾಡ್ರಿ. ಆಯಿ ಹೆಸರು ನನ್ನ ನಪಾಸಿನ ಫೈಲಿನ್ಯಾಗ ಬ್ಯಾಡ್ರಿ.”

ಆಗಸ್ಟ್ 2, ಶನಿವಾರ

ಹೆಸರು ಹೇಳದೆ ಗುರುನಾಥ ಸರ್ ಹತ್ತಿರ ಮಾತಾಡಿದೆ. ತೀರ ಹತ್ತಿರದವರೊಬ್ಬರು ಆ ಟೇಬಲ್ಲಿನ ಮೇಲಿದ್ದಾರೆ ಅಂದೆ, ಅಷ್ಟೇ. ಅವರು ಕನ್ನಡಕ ತೆಗೆದಿಟ್ಟರು.

“ಯಶೋಧಾ ಮೇಡಂ, ಕೇಳಿದ್ರ ಕರಳ ಚುರ್ ಅಂತದ. ಆದ್ರ ಗಂಟಿ ಕಡಿಮಿ ಮಾಡಬೇಕಂದ್ರ ಕಾರಣ ಬರದ ಕೊಡ್ರಿ. ಬಾಯಿಮಾತಿನ ಮ್ಯಾಲ ಬರೂದಿಲ್ಲ.”

“ಬರದ್ರ ಕೊಟ್ಟವರು ಯಾರಂತ ಹೊರಗ ಬೀಳ್ತದ. ಹುಡುಗೀನೂ ಬ್ಯಾಡಂತಾಳ.”

“ಮತ್ತ? ಇಂಥಾದ್ದು ಹೇಳಾಕ ಏನೂ ಇಲ್ಲದ ಹುಡುಗ್ರಿಗೆ ನಾಳೆ ಏನ ಹೇಳೂಣು?”

ಪೂನಮ್‌ಗೆ ಜ್ವರ ಬಂದು ಹಾಜರಿ ಹೋಗಿದೆ. ಒಂದು ಮಾತಾಡದೆ ಪ್ರತಿ ಭಾನುವಾರ ಬರುತ್ತಿದ್ದಾಳೆ. ನಿಯಮ ಯಾರ ಕಥೆಯನ್ನೂ ಕೇಳುವುದಿಲ್ಲ ಅನ್ನುವುದೇ ಅದರ ಒಳ್ಳೆಯತನವೂ ಇರಬಹುದು... ಹೀಗೆ ಬರೆದೆ. ಬರೆದ ಮೇಲೆ ನಂಬಿಕೆ ಬರಲಿಲ್ಲ.

“ಟೇಬಲ್ ಬದಲಿ ಮಾಡ್ರಿ,” ಅಂದರು ಕೊನೆಗೆ. “ಅದು ನಿಮ್ಮ ಕೈಯಾಗಿಂದು. ಗಂಟಿ ಮಾತ್ರ ತುಂಬಬೇಕು.”

ಆಗಸ್ಟ್ 3, ಭಾನುವಾರ

ಒಂದನೇ ಟೇಬಲ್ ಕೊಟ್ಟೆ. ಕಿಟಕಿ ಕಡೆಯದು, ಮೂರನೆಯದರಿಂದ ಆದಷ್ಟು ದೂರ. ಒಳಗೆ ಬಂದಳು! ನಿಂತಳು. ಫೋರ್ಸೆಪ್ಸ್ ಹಿಡಿದಳು. ಮತ್ತೆ ಮತ್ತೆ ಮೂರನೇ ಟೇಬಲ್ಲಿನ ಕಡೆ ತಿರುಗಿ ನೋಡುತ್ತಿದ್ದಳು. ಅರ್ಧ ಗಂಟೆಯೂ ಆಗಿರಲಿಲ್ಲ, ಕೆಳಗಿಟ್ಟು ಹೊರಟೇ ಹೋದಳು.

ಆಗಸ್ಟ್ 9, ಶನಿವಾರ

ವಾರವಿಡೀ ಸಂಜೆ ಕಾದೆ. ಬರಲಿಲ್ಲ. ನಾಳೆಯಿಂದ ಒಂದೂ ತಪ್ಪದೆ ಬಂದರೆ ಗಂಟೆ ತುಂಬುತ್ತದೆ. ನಾಳೆ ತಪ್ಪಿದರೆ ತುಂಬುವುದಿಲ್ಲ.

ರೊಟ್ಟಿ ಬಡಿಯುವಾಗ ಫೋನು.

“ಮೇಡಂ, ನಾಳೆ ಬರತೇನ್ರಿ. ಮೂರನೇ ಟೇಬಲ್ ಕೊಡ್ರಿ.”

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

“ಒಂದನೇದಕ್ಕ ನಿಂತ್ರ ಆಯಿಗೆ ಬೆನ್ನ ಮಾಡಿ ನಿಂತಂಗ ಆಗತೈತ್ರಿ. ಬಲಗೈ ಹುಡುಗ್ರು ಮುಗಿಸ್ಯಾರಂತ, ಎಡಗೈ ಹಂಗ ಐತಂತ. ಪೂನಮ್ ಹೇಳಿದ್ಲು. ಅದನ್ನ ನನಗ ಕೊಡ್ರಿ.”

“ನಾಳೆ ಹೇಳತೇನಿ” ಅಂದೆ. ಹೇಡಿ ಉತ್ತರ.

ಹೂಂ ಅನ್ನಲೇ? ಸ್ಕಾಲ್ಪೆಲ್ ಹಿಡಿದು ಆ ಬೆರಳಿನ ಮುಂದೆ ಕುಸಿದುಬಿಟ್ಟರೆ? ಮತ್ತೆಂದೂ ಯಾವ ಟೇಬಲ್ಲಿಗೂ ಬರಲಾರಳು. ಬೇಡ ಅನ್ನಲೇ? ಆಗಲೂ ಬರಲಾರಳು. ಸರ್ಜನ್ನರು ಸ್ವಂತ ಮಕ್ಕಳಿಗೆ ಆಪರೇಷನ್ ಮಾಡಲು ಹಿಂಜರಿಯುತ್ತಾರೆ. ಅದಕ್ಕೆ ಕಾರಣ ಇದೆ. ನಮ್ಮ ನಂಬರುಗಳಿಗೂ ಕಾರಣ ಇದೆ. ಗುರುತು ಇರದಿದ್ದರೇ ಕೈ ಗಟ್ಟಿ ಇರುತ್ತದೆ ಅಂತ ನನಗೂ ಕಲಿಸಿದ್ದಾರೆ, ನಾನೂ ಕಲಿಸಿದ್ದೇನೆ.

ಊಟಕ್ಕೆ ಕೂತಾಗ ನಮ್ಮ ಮನೆಯವರಿಗೆ ಹೇಳಿದೆ. ಮಹಾದೇವ ಲೆಕ್ಕದ ಮಾಸ್ತರು, ಎರಡೇ ಮಾತಿನಲ್ಲಿ ಮುಗಿಸುತ್ತಾರೆ.

“ಗುರುನಾಥಗ ಕೇಳಿದಿ, ಹುಡುಗೀಗೆ ಕೇಳಿದಿ, ನನಗೂ ಕೇಳಿದಿ. ಕೊಟ್ಟಾಕಿನ್ನ ಕೇಳು.”

ಚಾಷ್ಟಿ ಮಾಡಿದರು. ನಗು ಬರಲಿಲ್ಲ. ಸೀದ ರೊಟ್ಟಿಯನ್ನೇ ತಿಂದೆ.

ಆಗಸ್ಟ್ 10, ಭಾನುವಾರ, ಬೆಳಿಗ್ಗೆ

ಬಸ್ಸಿಗೆ ಇನ್ನೂ ಹೊತ್ತಿದೆ. ‘ಒಂದನೇ ಟೇಬಲ್’ ಅಂತ ಮೆಸೇಜು ಬರೆದೆ. ಅಳಿಸಿದೆ. ಮತ್ತೆ ಬರೆದೆ. ಕಳಿಸಿಲ್ಲ. ಅವಳಿಂದ ಮೆಸೇಜು ಬಂದಿದೆ — ಹಾಸ್ಟೆಲ್ ಬಿಟ್ಟೆ, ಹಾಲಿನ ಮುಂದೆ ಕೂತಿರುತ್ತೇನೆ.

ಈಗಷ್ಟೇ ಸಾವಂತ್ರೆವ್ವ ಬಂದಿದ್ದರು, ಉಂಡಿ ಡಬ್ಬಿ ಒಯ್ಯಲು. ಡಬ್ಬಿ ಕೈಗೆ ಬಂದರೂ ಬಾಗಿಲಲ್ಲೇ ನಿಂತರು. ಸೆರಗು ಸರಿ ಮಾಡಿಕೊಂಡರು. ಇವರು ಒಳಗಿದ್ದಾರೇನು ಅಂತ ಇಣುಕಿ ನೋಡಿ, ದನಿ ತಗ್ಗಿಸಿದರು.

“ಪಂಚಮಿಯಿಂದ ವಿಚಾರ ಮಾಡಾಕತ್ತೇನ್ರಿ ಬಾಯಾರ. ನಾನೂ ಶೆಟ್ಟೆವ್ವನಂಗ ಬರದ ಕೊಡಬೇಕಂತೇನಿ. ನಮ್ಮ ಹುಡುಗ್ರೂ ಹೂಂ ಅಂದಾರ. ಆದ್ರ ಒಂದ ಮಾತ ನಡಸಿ ಕೊಡ್ರಿ. ಗುರ್ತಿನವರ ಕೈಯಾಗ ಕೊಡ್ರಿ ನನ್ನ. ಗುರ್ತಿಲ್ಲದವರ ಮುಂದ ಸೀರಿ ಇಲ್ದ ಮಲಗಾಕ ನನಗ ನಾಚಿಕಿ ಬರತೈತ್ರಿ.”