ಖಾಲಿ ಗಾಡಿಗೆ ಬಾಗಿಲು ತೆರೆದವರಿಗೆ

ಅಕ್ಟೋಬರ್ ತಿಂಗಳು, ಸಂತೆಯ ಹಿಂದಿನ ದಿನ. ಊರಿನ ದಕ್ಷಿಣ ಬಾಗಿಲ ಹೊರಗೆ, ಬಾಡಿಗೆ ಗಾಡಿಗಳು ನಿಲ್ಲುವಲ್ಲಿ, ಸುಣ್ಣ ಬಳಿದ ಗೋಡೆಯ ಮೇಲೆ ಬರೆದದ್ದು.

ಬೀದಿಗಳ ಮೇಲ್ವಿಚಾರಕರಾದ ಮಾನ್ಯರೇ,

ಪ್ರಯಾಣಿಕರು ಊರಬಾಗಿಲಲ್ಲಿ ಗಾಡಿಯಿಂದಿಳಿದು, ಊರೊಳಗೆ ನಡೆದು, ಆಚೆ ಬಾಗಿಲಲ್ಲಿ ಮತ್ತೆ ಹತ್ತಬೇಕೆಂಬ ನಿಮ್ಮ ಅಪ್ಪಣೆಯಿಂದ ನನ್ನ ಮೊದಲ ಮೊಮ್ಮಗು ಸತ್ತಿತು.

ಗಾಲಿಗಳ ಸದ್ದಿನಿಂದ ನಾಗರಿಕರಿಗೆ ತೊಂದರೆ ಎನ್ನುತ್ತೀರಿ. ಆದರೆ ಖಾಲಿ ಗಾಡಿ ಒಳಗೆ ಬರಬಹುದು. ಜನ ಕುಳಿತ ಗಾಡಿಗಿಂತ ಖಾಲಿ ಗಾಡಿಯೇ ಹೆಚ್ಚು ಗಡಗಡಿಸುತ್ತದೆ. ಇದನ್ನು ತಿಳಿಯಲು ಮೇಲ್ವಿಚಾರಕರಾಗಬೇಕೇ? ಮನುಷ್ಯರು ಹೊರುವ ಪಲ್ಲಕ್ಕಿಗೆ ಅಡ್ಡಿಯಿಲ್ಲ, ಹೇಸರಗತ್ತೆ ಎಳೆಯುವ ಗಾಡಿಗೆ ಮಾತ್ರ ಅಡ್ಡಿ. ಹಾಗಾದರೆ ತೊಂದರೆ ಸದ್ದಿನದೋ, ಕುಳಿತವರದೋ?

ನನ್ನ ಮಗಳು ಓಫಿಲ್ಲಾ ಉತ್ತರ ಬಾಗಿಲಾಚೆಯ ಕುಂಬಾರನ ಹೆಂಡತಿ. ಸೂಲಗಿತ್ತಿ ವೆಟ್ಟಿಯಾ ಇರುವುದು ಈಚೆ, ನಮ್ಮ ಕೇರಿಯಲ್ಲಿ. ಒಂದು ಕಡೆ ನದಿ, ಒಂದು ಕಡೆ ಬೆಟ್ಟ. ಊರನ್ನು ಬಳಸಿ ಹೋಗಲು ದಾರಿಯಿಲ್ಲ. ಕಳೆದ ವರ್ಷ ಮಗಳಿಗೆ ನೋವು ಶುರುವಾಯಿತೆಂದು ಸುದ್ದಿ ಬಂದ ಕೂಡಲೇ ಗಾಡಿ ಕಟ್ಟಿ ವೆಟ್ಟಿಯಾಳನ್ನು ಹತ್ತಿಸಿಕೊಂಡು ಹೊರಟೆ. ಬಾಗಿಲಲ್ಲಿ ನಿಮ್ಮ ಕಾವಲಿನವನು ತಡೆದ.

"ಇಳೀರಿ ಅಜ್ಜಿ. ಕೂತ್ಕೊಂಡು ಹೋಗೋ ಹಾಗಿಲ್ಲ."

"ಇಳೀತೀನಪ್ಪ. ನೀನು ಮುಂದೆ ಓಡಿಹೋಗಿ ಆ ಮಗೂಗೆ ಹೇಳು, ಅಜ್ಜಿ ನಡ್ಕೊಂಡು ಬರ್ತಿದ್ದಾಳೆ, ಸ್ವಲ್ಪ ತಡ್ಕೋ ಅಂತ."

ಅವನು ನಕ್ಕ. ಎಪ್ಪತ್ತರ ಆಕೆ, ಮೊಣಕಾಲು ಮಡಚಲು ಬಾರದ ಆಕೆ, ಇಳಿದಳು. ನಾನು ಒಂದು ಕೈಯಲ್ಲಿ ಹೇಸರಗತ್ತೆಗಳ ಹಗ್ಗ, ಇನ್ನೊಂದು ಕೈಯಲ್ಲಿ ಅವಳ ತೋಳು ಹಿಡಿದು ನಡೆದೆ. ನಮ್ಮ ಹಿಂದೆ ಬರಿಯ ದಿಂಬು ಗಾಡಿಯಲ್ಲಿ ಕುಳಿತು ಬಂತು. ಅತ್ತ ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಅದನ್ನು ಬಿಡಿಸಬಲ್ಲ ಕೈಗಳು ಆ ಹೊತ್ತಿಗೆ ಪೇಟೆಯ ಕಾರಂಜಿಯ ಕಟ್ಟೆ ಹಿಡಿದು ಸುಧಾರಿಸಿಕೊಳ್ಳುತ್ತಿದ್ದವು.

ದೂರು ಕೊಡಲು ಬಂದಾಗ ನಿಮ್ಮ ಗುಮಾಸ್ತರು ಪಲ್ಲಕ್ಕಿ ಮಾಡಿಕೊಳ್ಳಬಹುದಿತ್ತಲ್ಲ ಎಂದರು. ಎಂಟು ಜನ ಹೊರುವವರನ್ನು ಸಾಕಿಕೊಂಡ ಸೂಲಗಿತ್ತಿ ಯಾರಾದರೂ ಇದ್ದರೆ ದಯವಿಟ್ಟು ವಿಳಾಸ ತಿಳಿಸಿ.

ಓಫಿಲ್ಲಾಗೆ ಈಗ ಮತ್ತೆ ದಿನ ತುಂಬಿದೆ. ಸೂಲಗಿತ್ತಿಯರೂ ರೋಗಿಗಳೂ ಕುಳಿತೇ ಊರು ದಾಟಲಿ ಎಂದು ಎರಡೂ ಬಾಗಿಲಿಗೆ ಇಂದೇ ಅಪ್ಪಣೆ ಕಳಿಸಿ.

ಕಳಿಸದಿದ್ದರೆ ನಾವು ಒಂಬತ್ತು ಗಾಡಿಯವರು ನಿನ್ನೆ ಸೇರಿ ತೀರ್ಮಾನಿಸಿದ್ದು ಇದು: ಕರೆ ಬಂದ ದಿನ ವೆಟ್ಟಿಯಾ ಇಳಿಯುವುದಿಲ್ಲ. ನನ್ನ ಗಾಡಿಯನ್ನು ನಡುವೆ ಇಟ್ಟುಕೊಂಡು ಒಂಬತ್ತೂ ಗಾಡಿಗಳು ಒಳಗೆ ಬರುತ್ತವೆ. ಒಂಬತ್ತರಲ್ಲೂ ಜನ ಕುಳಿತಿರುತ್ತಾರೆ. ಕರೆ ಇನ್ನೂ ಬಂದಿಲ್ಲ.

ಇಂತಿ,
ಮಗಳ ಮನೆಗೆ ನಿಮ್ಮ ಊರಿನ ಮೂಲಕವೇ ಹೋಗಬೇಕಾದ
ನ್ಯುಮಿಸಿಯಸ್, ಬಾಡಿಗೆ ಗಾಡಿಯವನು